ಸೆಕೆ ಗಾಳಿಯಲ್ಲಿಲ್ಲ, ತಾರಸಿಯಲ್ಲಿದೆ

ಪ್ರಶ್ನೆ: ಹೊಸೂರು ಬಳಿಯ ತೊರಪಲ್ಲಿ ಅಗ್ರಹಾರದಲ್ಲಿ ನಮ್ಮದು ಆರ್‌ಸಿಸಿ ಮನೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಮಲಗುವ ಕೋಣೆಯ ಕಾವು ಇಳಿಯುವುದಿಲ್ಲ. ಬಾಗಿಲು ತೆರೆದು ಏಸಿ ಹಾಕಿದರೆ ನಡುಮನೆಯಲ್ಲಿ ಮಲಗುವ ಅತ್ತೆಗೆ ಚಳಿ. ಏನು ಮಾಡಲಿ?

ಉತ್ತರ: ಹೊಸೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲೂ ಹೊತ್ತು ಮುಳುಗಿದ ಮೇಲೆ ಹೊರಗಿನ ಗಾಳಿ ಬೇಗ ತಣಿಯುತ್ತದೆ. ತಣಿಯದೆ ಇರುವುದು ನಿಮ್ಮ ತಾರಸಿ. ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಸೂರು ಮುಟ್ಟಿ ನೋಡಿ. ಮುದ್ದೆ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ರಾತ್ರಿ ನಿಮ್ಮ ಮೇಲೆ ಕಾರುತ್ತಿದೆ.

ಮೊದಲು ತಾರಸಿಗೆ ಎರಡು ಕೈ ಸುಣ್ಣ ಬಳಿಸಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಹಗಲಲ್ಲಿ ಪಡುವಣ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ರಾತ್ರಿ ಎಂಟರ ಮೇಲೆ ಎದುರುಬದುರಿನ ಕಿಟಕಿ ತೆರೆದು, ಒಂದರಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ. ಅದು ಬಿಸಿಗಾಳಿಯನ್ನು ಹೊರಗೆ ನೂಕಿದರೆ ಇನ್ನೊಂದರಿಂದ ತಂಪುಗಾಳಿ ತಾನಾಗಿ ಬರುತ್ತದೆ. ಸೊಳ್ಳೆಪರದೆ ಮರೆಯಬೇಡಿ.

ಇಷ್ಟಾದರೂ ಸಾಲದಿದ್ದರೆ ಕಿಟಕಿ, ಬಾಗಿಲು ಮುಚ್ಚಿ ಏಸಿ ಹಾಕಿ. ಬಾಗಿಲಡಿಯ ಸಂದಿಗೆ ಹಳೆ ಪಂಚೆ ಸುತ್ತಿಡಿ. 26 ಡಿಗ್ರಿಗೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಲಿ. 18ಕ್ಕೆ ಇಳಿಸಿದರೆ ಕೋಣೆ ಬೇಗ ತಣಿಯುತ್ತದೆಂಬುದು ಬರಿಯ ಭ್ರಮೆ. ಮಾಮೂಲಿ ಏಸಿಯಲ್ಲಿ ತಣಿಸುವ ವೇಗ ಅದೇ, ಬಿಲ್ಲು ಮಾತ್ರ ಏರುತ್ತದೆ. ನಡುರಾತ್ರಿಗೆ ಟೈಮರ್ ಇಟ್ಟು, ಏಸಿ ನಿಂತ ಮೇಲೆ ಎಚ್ಚರವಾದಾಗ ಕಿಟಕಿ ತೆರೆದುಬಿಡಿ. ಬೆಳಗಿನ ಜಾವದ ತಂಪಿಗೆ ನಿಮ್ಮೂರಲ್ಲಿ ಕರೆಂಟು ಬೇಕಿಲ್ಲ. ಅತ್ತೆಯವರೂ ಕಂಬಳಿ ಹುಡುಕದೆ ನಿದ್ದೆ ಮಾಡುತ್ತಾರೆ.