ಮೀನಿನ ಗಾಜಿನ ತೊಟ್ಟಿಗೆ ಮನೆಯಲ್ಲೇ ಭದ್ರವಾದ ಮರದ ಸ್ಟ್ಯಾಂಡು

ಬಣ್ಣದ ಮೀನುಗಳ ಸಾಕಣೆ ಇಂದು ಕೇವಲ ಪೇಟೆಯವರ ಹವ್ಯಾಸವಾಗಿ ಉಳಿದಿಲ್ಲ. ಗಪ್ಪಿ, ಮಾಲಿ, ಪ್ಲಾಟಿ, ಕತ್ತಿಬಾಲದ ಮೀನು ಮುಂತಾದ ಮರಿ ಹಾಕುವ ಜಾತಿಗಳನ್ನು ಹಿತ್ತಲಿನಲ್ಲಿ ಬೆಳೆಸಿ ಮಾರುವ ಕುಟುಂಬಗಳಿವೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಗಳಿಗೂ ಸ್ಥಾನ ದೊರೆಯಿತು. ಹೆಚ್ಚಿನ ಮೀನುಗಳನ್ನು ಸಿಮೆಂಟ್ ತೊಟ್ಟಿಗಳಲ್ಲಿ ಬೆಳೆಸಿದರೂ, ತಾಯಿ ಮೀನುಗಳು ಮತ್ತು ಮಾರಾಟಕ್ಕಿಡುವ ಮೀನುಗಳು ಕಣ್ಣೆದುರಿಗೆ ಇರಬೇಕಾಗುತ್ತದೆ. ಇದಕ್ಕೆ ಗಾಜಿನ ತೊಟ್ಟಿ ಅವಶ್ಯ.

ತೊಟ್ಟಿಯನ್ನು ಆರಿಸುವಾಗ ತೋರುವ ಕಾಳಜಿಯನ್ನು ಅದರ ಕೆಳಗಿನ ಸ್ಟ್ಯಾಂಡಿನ ವಿಷಯದಲ್ಲಿ ಅನೇಕರು ತೋರುವುದಿಲ್ಲ. ಊಟದ ಮೇಜು, ಹಳೆಯ ಬೆಂಚು, ಮೊಳೆ ಹೊಡೆದ ಪೆಟ್ಟಿಗೆ ಹೀಗೆ ಕೈಗೆ ಸಿಕ್ಕಿದ್ದರ ಮೇಲೆ ತೊಟ್ಟಿಯನ್ನಿಟ್ಟು ನೀರು ತುಂಬುತ್ತಾರೆ. ಸ್ಟ್ಯಾಂಡು ಕುಸಿದರೆ ಒಂದೇ ಗಳಿಗೆಯಲ್ಲಿ ಮೀನಿನ ಸಂತತಿ ನಾಶವಾಗುವುದಲ್ಲದೆ, ಒಡೆದ ಗಾಜು ಮತ್ತು ವಿದ್ಯುತ್ ತಂತಿಗೆ ತಗುಲಿದ ನೀರಿನಿಂದ ಮನೆಯ ಮಕ್ಕಳಿಗೆ ಪ್ರಾಣಾಪಾಯವೂ ಉಂಟು. ಮರಗೆಲಸದ ಸಾಮಾನ್ಯ ಉಪಕರಣಗಳಿರುವ ಯಾವ ರೈತನಾದರೂ ಊರಿನ ಬಡಗಿಯ ಅಲ್ಪಸ್ವಲ್ಪ ನೆರವಿನಿಂದ ಭದ್ರವಾದ ಸ್ಟ್ಯಾಂಡನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಭಾರದ ಲೆಕ್ಕ

90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ, 8 ಮಿ.ಮೀ. ಗಾಜಿನ ತೊಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಳದಲ್ಲಿ 5 ಸೆಂ.ಮೀ. ಜಲ್ಲಿ ಹಾಸಿ, 40 ಸೆಂ.ಮೀ. ಮಟ್ಟದವರೆಗೆ ನೀರು ತುಂಬಿದಾಗ ಭಾರ ಹೀಗಿರುತ್ತದೆ:

ನೀರು – ಸುಮಾರು 135 ಕಿಲೋ
ಜಲ್ಲಿ – ಸುಮಾರು 30 ಕಿಲೋ
ಗಾಜು – ಸುಮಾರು 30 ಕಿಲೋ
ಮುಚ್ಚಳ, ನೀರು ಸೋಸುವ ಸಾಧನ ಇತ್ಯಾದಿ – ಸುಮಾರು 5 ಕಿಲೋ

ಒಟ್ಟು ಎರಡು ಕ್ವಿಂಟಲ್. ಭತ್ತದ ಚೀಲವನ್ನು ಮನೆಯೊಳಗೆ ಕೆಲವು ತಿಂಗಳು ಮಾತ್ರ ಇಡುತ್ತೇವೆ. ಈ ಭಾರವಾದರೋ ಹಗಲಿರುಳು ವರ್ಷಗಟ್ಟಲೆ ಅಲ್ಲೇ ಇರುವಂಥದು.

ನಾಲ್ಕು ಕಾಲುಗಳಿಗೆ ಹಂಚಿದರೆ ಒಂದೊಂದಕ್ಕೆ ಬೀಳುವುದು 50 ಕಿಲೋ ಮಾತ್ರ. 7 ಸೆಂ.ಮೀ. ಚೌಕದ ಕಾಲಿಗೆ ಇದು ಏನೇನೂ ಅಲ್ಲ. ಆದುದರಿಂದ ಸ್ಟ್ಯಾಂಡು ಕೆಡುವುದು ಕಾಲು ಮುರಿದು ಅಲ್ಲ, ಜೋಡಣೆ ಸಡಿಲಾಗಿ. ಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಮೊಳೆಯಿಂದ ಬಡಿದರೆ ಎರಡು ಕ್ವಿಂಟಲ್ ಭಾರವೂ ಆ ಮೊಳೆಗಳ ಮೇಲೆ ನೇತಾಡುತ್ತದೆ. ತೇವಕ್ಕೆ ಮೊಳೆ ತುಕ್ಕು ಹಿಡಿಯುತ್ತದೆ, ಅದರ ತೂತು ಅಗಲವಾಗುತ್ತದೆ. ಭಾರವು ಮರದ ಮೇಲೆ ಕೂರಬೇಕು, ಮೊಳೆಯ ಮೇಲಲ್ಲ. ಬೋಲ್ಟು, ಮೊಳೆಗಳ ಕೆಲಸ ಜೋಡಣೆ ಕದಲದಂತೆ ಹಿಡಿಯುವುದಷ್ಟೇ. ಇಡೀ ಕೆಲಸಕ್ಕೆ ಇದೇ ಮುಖ್ಯ ಸೂತ್ರ.

ಮರದ ಆಯ್ಕೆ

ತೇಗ, ಹೊನ್ನೆ, ಮತ್ತಿ, ಹಲಸು, ಜಾಲಿ ಇವುಗಳ ಚೇಗು ಬಹಳ ಉತ್ತಮ. ಬೇವು ಸಹ ಆಗಬಹುದು. ಸಿಲ್ವರ್ ಓಕ್ ಮರವನ್ನು ಚೆನ್ನಾಗಿ ಒಣಗಿಸಿ ಬಣ್ಣ ಹಚ್ಚಿ ಬಳಸಬಹುದು. ನೀಲಗಿರಿ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಮಾವು ಮತ್ತು ಬೂರುಗಕ್ಕೆ ಬೇಗ ಹುಳು ಬೀಳುವುದರಿಂದ ಅವು ಬೇಡ. ಯಾವ ಮರವಾದರೂ ಹೊರಗಿನ ಬಿಳಿ ಭಾಗವನ್ನು ತೆಗೆದುಹಾಕಬೇಕು. ದೊಡ್ಡ ಗಂಟು ಅಥವಾ ಸೀಳು ಇರುವ ತುಂಡನ್ನು ಪಟ್ಟಿಗೆ ಬಳಸಬಾರದು.

ಹಳೆಯ ಮನೆ ಬಿಚ್ಚಿದಾಗ ದೊರೆತ ತೊಲೆ, ಜಂತಿ, ಬಾಗಿಲ ಚೌಕಟ್ಟುಗಳಿದ್ದರೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಅವು ದಶಕಗಳ ಕಾಲ ಒಣಗಿ ನೆಲೆನಿಂತ ಮರಗಳು. ಕೊಯ್ಯುವ ಮುನ್ನ ಹಳೆಯ ಮೊಳೆಗಳನ್ನು ಕೀಳಬೇಕು. ಹೊಸ ಮರವನ್ನು ಕೊಯ್ಸಿದರೆ ತುಂಡುಗಳ ನಡುವೆ ರೀಪು ಇಟ್ಟು ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟಿ, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಒಣಗಿಸಬೇಕು. ಒಂದು ತುಂಡನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗುತ್ತಾ ಬನ್ನಿ. ತೂಕ ಇಳಿಯುವುದು ನಿಂತಾಗ ಮರ ಒಣಗಿದೆ ಎಂದು ತಿಳಿಯಬಹುದು. ಹಸಿ ಮರದಲ್ಲಿ ಮಾಡಿದ ಜೋಡಣೆ ಎಷ್ಟೇ ಬಿಗಿಯಾಗಿದ್ದರೂ ಬೇಸಿಗೆಯಲ್ಲಿ ಬಾಯಿಬಿಡುತ್ತದೆ.

ತಮ್ಮ ಜಮೀನಿನ ಮರವೇ ಆದರೂ ಹಲವು ಜಾತಿಗಳನ್ನು ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಮೇರೆಗೆ ಅನುಮತಿ ಬೇಕಾಗುತ್ತದೆ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಲೇಸು.

ಬೇಕಾಗುವ ಸಾಮಾನುಗಳು

1. ಕಾಲುಗಳು: 7 × 7 ಸೆಂ.ಮೀ. ದಪ್ಪ, 73 ಸೆಂ.ಮೀ. ಉದ್ದ – 4
2. ಮೇಲಿನ ಉದ್ದ ಪಟ್ಟಿ: 4 × 9 ಸೆಂ.ಮೀ., 92 ಸೆಂ.ಮೀ. ಉದ್ದ – 2
3. ಮೇಲಿನ ಅಡ್ಡ ಪಟ್ಟಿ: 4 × 9 ಸೆಂ.ಮೀ., 34 ಸೆಂ.ಮೀ. ಉದ್ದ – 2
4. ನಡುವಿನ ಅಡ್ಡ ಪಟ್ಟಿ: 4 × 6 ಸೆಂ.ಮೀ., 34 ಸೆಂ.ಮೀ. ಉದ್ದ – 1. ಅದಕ್ಕೆ ಆಸರೆಯಾಗಿ 3 × 3 ಸೆಂ.ಮೀ., 10 ಸೆಂ.ಮೀ. ಉದ್ದದ ತುಂಡು – 2
5. ಕೆಳಗಿನ ಪಟ್ಟಿ: 2 × 7 ಸೆಂ.ಮೀ., 92 ಸೆಂ.ಮೀ. ಉದ್ದದವು 2, 42 ಸೆಂ.ಮೀ. ಉದ್ದದವು 2
6. ಮೇಲ್ಹಾಸು: 18 ಮಿ.ಮೀ. ಪ್ಲೈವುಡ್, 92 × 42 ಸೆಂ.ಮೀ. – 1
7. ಬೆನ್ನಿನ ಹಲಗೆ: 12 ಮಿ.ಮೀ. ಪ್ಲೈವುಡ್, 92 × 63 ಸೆಂ.ಮೀ. – 1; ಪಕ್ಕದ ಹಲಗೆ: 42 × 56 ಸೆಂ.ಮೀ. – 2
8. ವಾಷರ್ ಸಹಿತ ಬೋಲ್ಟು–ನಟ್ಟು: 6 ಮಿ.ಮೀ. ದಪ್ಪ, 9 ಸೆಂ.ಮೀ. ಉದ್ದ – 8
9. ತಿರುಪು ಮೊಳೆಗಳು, ಮರಗೆಲಸದ ಅಂಟು, ಬಣ್ಣ

ಮರ ಎಲ್ಲಾ ಸೇರಿ ಸುಮಾರು ಒಂದು ಘನ ಅಡಿಯಾಗುತ್ತದೆ; ಕೊಯ್ತದ ನಷ್ಟಕ್ಕೆ ಇನ್ನೂ ಕಾಲು ಘನ ಅಡಿ ಹಿಡಿಯಬೇಕು. ನೀರು ತಾಗುವ ಕಡೆಗೆ ಐ.ಎಸ್. 710 ಗುರುತಿನ ಪ್ಲೈವುಡ್ ಸೂಕ್ತ. ಹೊಟ್ಟಿನಂಥ ಪುಡಿಯನ್ನು ಒತ್ತಿ ಮಾಡಿದ ಹಲಗೆಗಳು ನೀರು ಕುಡಿದು ಉಬ್ಬುವುದರಿಂದ ಎಂದಿಗೂ ಬಳಸಬಾರದು.

ತಯಾರಿಸುವ ವಿಧಾನ

ಮೊದಲು ನಾಲ್ಕೂ ಕಾಲುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿಟ್ಟು, ತಲೆಯಿಂದ 9 ಸೆಂ.ಮೀ. ಕೆಳಗೆ ಒಂದೇ ಗೆರೆಯನ್ನು ನಾಲ್ಕರ ಮೇಲೂ ಒಟ್ಟಿಗೆ ಎಳೆಯಬೇಕು. ಬೇರೆ ಬೇರೆಯಾಗಿ ಅಳೆದರೆ ಒಂದೆರಡು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ. ಪ್ರತಿಯೊಂದು ಕಾಲಿನ ಎರಡು ಹೊರಮುಖಗಳಿಂದಲೂ ಈ ಗೆರೆಯವರೆಗೆ 4 ಸೆಂ.ಮೀ. ಆಳದ ಕಚ್ಚು ತೆಗೆಯಬೇಕು. ಆಗ ಒಳಮೂಲೆಯಲ್ಲಿ 3 × 3 ಸೆಂ.ಮೀ. ದಪ್ಪದ ಗೂಟ ಉಳಿಯುತ್ತದೆ. ಕಚ್ಚಿನ ತಳವನ್ನು ಉಳಿಯಿಂದ ಸಮತಟ್ಟು ಮಾಡಿ ಮೂಲೆಮಟ್ಟದಿಂದ ಪರೀಕ್ಷಿಸಬೇಕು. ಭಾರವೆಲ್ಲ ಕೂರುವುದು ಈ ತಳದ ಮೇಲೆಯೇ.

ಉದ್ದ ಪಟ್ಟಿಗಳನ್ನು ಮುಂದೆ ಮತ್ತು ಹಿಂದೆ ಕಚ್ಚುಗಳಲ್ಲಿ ಕೂರಿಸಿ, ಅವುಗಳ ನಡುವೆ ಎರಡೂ ತುದಿಗಳಲ್ಲಿ ಅಡ್ಡ ಪಟ್ಟಿಗಳನ್ನು ಕೂರಿಸಬೇಕು. ಪಟ್ಟಿಗಳ 9 ಸೆಂ.ಮೀ. ಮುಖ ನಿಂತಿರಬೇಕು, ಮಲಗಿರಬಾರದು. ಮನೆಯ ತೊಲೆಯನ್ನು ನಿಲ್ಲಿಸಿ ಹಾಕುವುದು ಇದೇ ಕಾರಣಕ್ಕೆ. ಇದೇ ಪಟ್ಟಿಯನ್ನು ಮಲಗಿಸಿದರೆ ಅದೇ ಭಾರಕ್ಕೆ ಐದು ಪಟ್ಟು ಹೆಚ್ಚು ಬಾಗುತ್ತದೆ.

ಪಟ್ಟಿ ಮತ್ತು ಗೂಟ ಎರಡನ್ನೂ ದಾಟುವಂತೆ ಬೈರಿಗೆಯಿಂದ ತೂತು ಕೊರೆದು, ಅಂಟು ಸವರಿ, ಬೋಲ್ಟು ಬಿಗಿಯಬೇಕು. ಒಂದೇ ಗೂಟಕ್ಕೆ ಎರಡು ದಿಕ್ಕಿನಿಂದ ಬರುವ ಬೋಲ್ಟುಗಳು ಒಂದಕ್ಕೊಂದು ತಾಗದಂತೆ ಒಂದನ್ನು ಮೇಲಿನಿಂದ 3 ಸೆಂ.ಮೀ., ಇನ್ನೊಂದನ್ನು 6 ಸೆಂ.ಮೀ. ಕೆಳಗೆ ಹಾಕಬೇಕು. ಬೋಲ್ಟಿನ ತಲೆ ಹೊರಮುಖದಲ್ಲಿ ಮರದೊಳಗೆ ಮುಳುಗಿರಲಿ.

ಕೆಳಗಿನ ಪಟ್ಟಿಗಳಿಗೆ ಕಾಲಿನ ಹೊರಮುಖದಲ್ಲಿ 2 ಸೆಂ.ಮೀ. ಆಳದ ಕಚ್ಚು ಸಾಕು. ಮುಂದಿನ ಮತ್ತು ಹಿಂದಿನ ಪಟ್ಟಿಗಳು ನೆಲದಿಂದ 10 ಸೆಂ.ಮೀ. ಎತ್ತರದಲ್ಲಿಯೂ, ಪಕ್ಕದ ಪಟ್ಟಿಗಳು 17 ಸೆಂ.ಮೀ. ಎತ್ತರದಲ್ಲಿಯೂ ಇರಲಿ. ಉದ್ದ ಪಟ್ಟಿಗಳ ಒಳಮುಖಕ್ಕೆ, ನಟ್ಟನಡುವೆ, ಆಸರೆ ತುಂಡುಗಳನ್ನು ಬಿಗಿದು ಅವುಗಳ ಮೇಲೆ ನಡುವಿನ ಅಡ್ಡ ಪಟ್ಟಿಯನ್ನು ಕೂರಿಸಬೇಕು. ಜಾಲಿಯಂತಹ ಗಟ್ಟಿ ಮರದಲ್ಲಿ ತಿರುಪು ಮೊಳೆಗೆ ಮೊದಲು ಸಣ್ಣ ತೂತು ಕೊರೆದು, ಮೊಳೆಗೆ ಸಾಬೂನು ಸವರಿದರೆ ಮರ ಸೀಳುವುದಿಲ್ಲ.

ಅಂಟು ಒಣಗುವ ಮುನ್ನ ಚೌಕಟ್ಟಿನ ಕರ್ಣಗಳನ್ನು ಅಳೆಯಿರಿ. ಮನೆಯ ಪಾಯ ಗುರುತಿಸುವಾಗ ಮಾಡುವಂತೆ, ಮೂಲೆಯಿಂದ ಮೂಲೆಗೆ ಎರಡೂ ಅಳತೆಗಳು ಸಮವಿರಬೇಕು (ಸುಮಾರು 101 ಸೆಂ.ಮೀ.).

ಓಲಾಟವನ್ನು ತಡೆಯುವುದು

ಓರೆಪಟ್ಟಿ ಇಲ್ಲದ ಹೊಲದ ಗೇಟು ಕ್ರಮೇಣ ಜೋತುಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ನಾಲ್ಕು ಕಾಲು ಮತ್ತು ಪಟ್ಟಿಗಳಷ್ಟೇ ಇರುವ ಸ್ಟ್ಯಾಂಡಿನ ಗತಿಯೂ ಅದೇ. ನೇರವಾದ ಭಾರವನ್ನು ಅದು ಹೊರುತ್ತದೆ; ಆದರೆ ಮಗುವೊಂದು ಓಡಿ ಬಂದು ತಾಗಿದರೆ ಪಕ್ಕಕ್ಕೆ ವಾಲುತ್ತದೆ. ಬೆನ್ನಿನ ಹಲಗೆಯನ್ನು ಕಾಲು ಮತ್ತು ಪಟ್ಟಿಗಳಿಗೆ ಪ್ರತಿ 15 ಸೆಂ.ಮೀ.ಗೆ ಒಂದು ತಿರುಪು ಮೊಳೆಯಂತೆ ಬಿಗಿದರೆ ಎಡಬಲದ ಓಲಾಟ ನಿಲ್ಲುತ್ತದೆ. ಪಕ್ಕದ ಹಲಗೆಗಳು ಹಿಂದುಮುಂದಿನ ಓಲಾಟವನ್ನು ತಡೆಯುತ್ತವೆ. ಪಕ್ಕಗಳಿಗೆ ಹಲಗೆಯ ಬದಲು ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹಾಕಿದರೂ ಆದೀತು. ಕೊನೆಗೆ ಮೇಲ್ಹಾಸನ್ನು ಬಿಗಿಯಬೇಕು. ಮೊಳೆಯ ತಲೆಗಳು ಮೇಲೆ ಉಳಿಯಬಾರದು.

ಬಣ್ಣ ಮತ್ತು ಗೆದ್ದಲಿನ ರಕ್ಷಣೆ

ಇಡೀ ಸ್ಟ್ಯಾಂಡಿಗೆ ಎಣ್ಣೆ ಬಣ್ಣ ಅಥವಾ ವಾರ್ನಿಷನ್ನು ಮೂರು ಸಾರಿ ಹಚ್ಚಬೇಕು. ಕತ್ತರಿಸಿದ ತುದಿಗಳು ಹೆಚ್ಚು ನೀರು ಹೀರುವುದರಿಂದ ಅಲ್ಲಿ ಇನ್ನೊಂದು ಸಾರಿ ಹಚ್ಚಿರಿ. ಕಾಲಿನ ಬುಡಕ್ಕೆ ಡಾಂಬರು ಬಳಿದು, ಪ್ರತಿ ಕಾಲಿನ ಕೆಳಗೂ ಕಲ್ಲಿನ ಚಪ್ಪಡಿಯ ತುಂಡನ್ನು ಇಟ್ಟರೆ ಗೆದ್ದಲು ಏರಿದರೂ ಕಣ್ಣಿಗೆ ಬೀಳುತ್ತದೆ.

ಬೆಳೆಗೆ ಬಳಸುವ ಕೀಟನಾಶಕವನ್ನು ಈ ಮರಕ್ಕೆ ಹಚ್ಚಲೇಬಾರದು. ಹಲವು ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿ ನೀರಿಗೆ ಸೇರಿದರೂ ಮೀನುಗಳು ಸಾಯುತ್ತವೆ. ಬಣ್ಣದ ವಾಸನೆ ಪೂರ್ತಿ ಹೋದ ಮೇಲೆಯೇ ತೊಟ್ಟಿಯನ್ನು ತರಬೇಕು.

ಇಡುವ ಸ್ಥಳ ಮತ್ತು ಪರೀಕ್ಷೆ

ಮಣ್ಣಿನ ಅಥವಾ ಸಗಣಿ ಸಾರಿಸಿದ ನೆಲವಾದರೆ ಕಾಲು ಹೂಳುತ್ತದೆ. ಅಲ್ಲಿ ದೊಡ್ಡ ಚಪ್ಪಡಿಗಳನ್ನು ಹಾಸಿ ಗಟ್ಟಿ ಮಾಡಬೇಕು. ಅಟ್ಟದ ಮೇಲೆ ಇಡಬಾರದು. ನೇರ ಬಿಸಿಲು ಬೀಳುವ ಕಡೆ ಪಾಚಿ ಬೆಳೆಯುತ್ತದೆ.

ಸ್ಟ್ಯಾಂಡನ್ನು ಸ್ಥಳದಲ್ಲಿಟ್ಟು ರಸಮಟ್ಟದಿಂದ ಉದ್ದಗಲ ಎರಡನ್ನೂ ನೋಡಬೇಕು. ವ್ಯತ್ಯಾಸವಿದ್ದರೆ ಕಾಲಿನ ಕೆಳಗೆ ತೆಳುವಾದ ಬೆಣೆ ಕೊಡಬೇಕೇ ಹೊರತು ಗಾಜಿನ ತೊಟ್ಟಿಯ ಮೂಲೆಗೆ ಎಂದೂ ಕೊಡಬಾರದು. ಗಾಜು ಮರದಂತೆ ಬಾಗುವುದಿಲ್ಲ. ಮೂರೇ ಮೂಲೆಗಳ ಮೇಲೆ ಕೂತ ತೊಟ್ಟಿ ಇಂದಲ್ಲ ನಾಳೆ ಬಿರುಕು ಬಿಡುತ್ತದೆ.

ತೊಟ್ಟಿ ಇಡುವ ಮುನ್ನ 75 ಕಿಲೋದ ಮೂರು ಚೀಲ ಭತ್ತವನ್ನು ಸ್ಟ್ಯಾಂಡಿನ ಮೇಲೆ ಒಂದು ಹಗಲು ಒಂದು ರಾತ್ರಿ ಹೇರಿಡಿ. ಇದು ತುಂಬಿದ ತೊಟ್ಟಿಗಿಂತ ತುಸು ಹೆಚ್ಚಿನ ಭಾರ. ಮರುದಿನ ಜೋಡಣೆಗಳು ಬಾಯಿಬಿಟ್ಟಿವೆಯೇ, ಮಟ್ಟ ತಪ್ಪಿದೆಯೇ, ಪಕ್ಕಕ್ಕೆ ತಳ್ಳಿದರೆ ಅಲುಗುತ್ತದೆಯೇ ನೋಡಿ. ದೋಷವಿದ್ದರೆ ಈಗಲೇ ತಿಳಿಯುವುದು ಒಳ್ಳೆಯದು. ಚೀಲ ಬಿದ್ದರೆ ಭತ್ತ ಚೆಲ್ಲೀತು, ಅಷ್ಟೇ.

ಅನಂತರ ಮೇಲ್ಹಾಸಿನ ಮೇಲೆ 10 ಮಿ.ಮೀ. ಥರ್ಮೋಕೋಲ್ ಹಾಳೆ ಹಾಸಿ ಖಾಲಿ ತೊಟ್ಟಿಯನ್ನು ಇಡಬೇಕು. ಸಣ್ಣ ಉಬ್ಬುತಗ್ಗುಗಳನ್ನು ಈ ಹಾಳೆ ನುಂಗಿಕೊಳ್ಳುತ್ತದೆ. ಅರ್ಧ ನೀರು ತುಂಬಿ, ನಾಲ್ಕೂ ಮೂಲೆಗಳಲ್ಲಿ ಅಂಚಿನಿಂದ ನೀರಿಗಿರುವ ಅಂತರವನ್ನು ಅಳೆಯಿರಿ. ನೀರಿಗಿಂತ ನಂಬಿಕೆಯ ಮಟ್ಟ ಬೇರೊಂದಿಲ್ಲ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನೀರು ತೆಗೆದು, ಬೆಣೆ ಸರಿಪಡಿಸಿ, ಮತ್ತೆ ತುಂಬಬೇಕು.

ಗಮನದಲ್ಲಿಡಬೇಕಾದ ಅಂಶಗಳು

1. ನೀರು ತುಂಬಿದ ತೊಟ್ಟಿಯನ್ನಾಗಲಿ ಅದರ ಸ್ಟ್ಯಾಂಡನ್ನಾಗಲಿ ಜರುಗಿಸಬಾರದು.
2. ವಿದ್ಯುತ್ ತಂತಿಯು ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರುವಂತಿರಲಿ. ತಂತಿಯ ಮೇಲೆ ಹರಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ.
3. ಗಾಳಿಯ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಕೆಳಗಿಟ್ಟರೆ ವಿದ್ಯುತ್ ಹೋದಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪಿಗೆ ನುಗ್ಗಬಹುದು.
4. ಚೆಲ್ಲಿದ ನೀರನ್ನು ಆಗಿಂದಾಗಲೇ ಒರೆಸಬೇಕು. ಮಳೆಗಾಲದ ಮುನ್ನ ಒಮ್ಮೆ, ಅನಂತರ ಒಮ್ಮೆ ಬೋಲ್ಟುಗಳನ್ನು ಬಿಗಿ ಮಾಡಿ, ಬಣ್ಣ ಎದ್ದ ಕಡೆ ಮತ್ತೆ ಹಚ್ಚಬೇಕು.

ಬೇರೆ ಅಳತೆಯ ತೊಟ್ಟಿಯಿದ್ದರೆ ಮೊದಲು ಅದರ ಉದ್ದ, ಅಗಲ ಮತ್ತು ನೀರಿನ ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿರಿ. ಬಂದದ್ದು ನೀರಿನ ಲೀಟರು. ಅಷ್ಟೇ ಕಿಲೋ ಭಾರ. ಅದರ ಅರ್ಧದಷ್ಟನ್ನು ಗಾಜು ಮತ್ತು ಜಲ್ಲಿಗೆಂದು ಸೇರಿಸಿ, ಆ ಒಟ್ಟು ಭಾರಕ್ಕೆ ತಕ್ಕಂತೆ ಮರವನ್ನು ಆರಿಸಿಕೊಂಡು ಕೆಲಸಕ್ಕೆ ಕೈಹಾಕುವುದು ಕ್ಷೇಮಕರ.