ಹಳೆಯ ಕಾರಿಗೆ ಎರಡನೆಯ ಫ್ಯಾನು



ಜನ್ನಾಪುರದ ಸದಸ್ಯರೊಬ್ಬರ ಬಳಿ ಹಳೆಯ ಅಂಬಾಸಿಡರ್ ಇದೆ. ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ತೋಟದ ಓಡಾಟಕ್ಕೆ ಅವರಿಗೆ ಅದೇ ಆಧಾರ. ತರೀಕೆರೆ, ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಏರು ಹತ್ತುವಾಗ ನೀರು ಕುದಿಯುತ್ತಿತ್ತು. ರೇಡಿಯೇಟರಿನ ಮುಂದೆ ಕರೆಂಟಿನ ಫ್ಯಾನೊಂದನ್ನು ಹಾಕಿಸಿದರು. ಆಮೇಲೆ ಇನ್ನೂ ಬೇಗ ಕುದಿಯತೊಡಗಿತು! ನಾವು ಹೋಗಿ ನೋಡಿದಾಗ ಫ್ಯಾನಿನ ವೈರುಗಳು ಅದಲುಬದಲಾಗಿದ್ದವು. ಗಾಳಿ ಇಂಜಿನ್ನಿನ ಕಡೆಗೆ ಹೋಗುವ ಬದಲು ಹೊರಕ್ಕೆ ಬೀಸುತ್ತಿತ್ತು.

ಬೆಲ್ಟಿನ ಫ್ಯಾನು ಇಂಜಿನ್ನಿನ ವೇಗದಂತೆ ತಿರುಗುತ್ತದೆ. ಮಂಡಿಯ ಮುಂದೆ ಗಾಡಿ ನಿಂತಾಗ ಅದು ನಿಧಾನ. ಏರಿನಲ್ಲಿ ಶಾಖ ಹೆಚ್ಚು, ಎದುರುಗಾಳಿ ಕಡಿಮೆ. ಈ ಕೊರತೆಯನ್ನು ಎರಡನೆಯ ಫ್ಯಾನು ತುಂಬುತ್ತದೆ. ಆದರೆ ಎಲ್ಲ ಜ್ವರಕ್ಕೂ ಅದೇ ಮದ್ದಲ್ಲ.

ಮೊದಲು ನೋಡಬೇಕಾದ್ದು: ಬೆಲ್ಟು ಸಡಿಲವೇ? ನೀರು ಸೋರುತ್ತಿದೆಯೇ? ಥರ್ಮೋಸ್ಟಾಟ್ ತೆರೆಯುತ್ತಿದೆಯೇ? ರೇಡಿಯೇಟರಿನ ಸಂದಿಗಳಲ್ಲಿ ಕೆಸರು, ಅಡಿಕೆ ಸಿಪ್ಪೆಯ ನಾರು ತುಂಬಿದೆಯೇ? ತುಂಬಿದ್ದರೆ ಇಂಜಿನ್ನಿನ ಕಡೆಯಿಂದ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ. ಇಷ್ಟರಿಂದಲೇ ಗುಣವಾದರೆ ಫ್ಯಾನಿನ ಖರ್ಚು ಉಳಿಯಿತು.

ಫ್ಯಾನು ಕೂರಿಸುವಾಗ ಗಮನಿಸಬೇಕಾದ್ದು:

1. ಬ್ಯಾಟರಿಯ ಕನೆಕ್ಷನ್ ತೆಗೆದು ಕೆಲಸ ಆರಂಭಿಸಿ.

2. ಫ್ಯಾನನ್ನು ರೇಡಿಯೇಟರಿನ ಜಾಲರಿಗೆ ಕಟ್ಟಬೇಡಿ. ಅಲುಗಾಟಕ್ಕೆ ಜಾಲರಿ ಸವೆದು ತೂತಾಗುತ್ತದೆ. ಚೌಕಟ್ಟಿಗೆ ಪಟ್ಟಿ ಹಾಕಿ ಬಿಗಿಯಿರಿ.

3. 12 ವೋಲ್ಟಿನಲ್ಲಿ 120 ವ್ಯಾಟಿನ ಫ್ಯಾನು 10 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಬ್ಯಾಟರಿಯ ಹತ್ತಿರವೇ 20 ಆಂಪಿಯರಿನ ಫ್ಯೂಸು, ಅದಕ್ಕೆ ತಕ್ಕ ದಪ್ಪ ವೈರು, ಜೊತೆಗೆ ರಿಲೇ ಬೇಕು. ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ನೇರವಾಗಿ ಎಳೆದರೆ ಸ್ವಿಚ್ಚು ಸುಡುತ್ತದೆ, ಬೆಂಕಿಯ ಭಯವೂ ಉಂಟು.

4. ಡೈನಮೋ ಇರುವ ಗಾಡಿಯಾದರೆ, ನಿಂತಲ್ಲಿ ಅದು ಚಾರ್ಜು ಕೊಡುವುದಿಲ್ಲವೆಂದೇ ಎಣಿಸಿ. ಫ್ಯಾನು ಬ್ಯಾಟರಿಯನ್ನೇ ತಿನ್ನುತ್ತದೆ. ಆಲ್ಟರ್ನೇಟರ್ ಹಾಕಿಸಿದ ಮೇಲೆ ಫ್ಯಾನಿನ ಯೋಚನೆ ಮಾಡುವುದು ಲೇಸು.

5. ಹಳೆಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತದೆ. ಇದನ್ನು ನೋಡದೆ ವೈರು ಜೋಡಿಸಿದರೆ ಫ್ಯಾನು ಉಲ್ಟಾ ತಿರುಗುತ್ತದೆ. ಆಲ್ಟರ್ನೇಟರ್ ಹಾಕುವ ಮುನ್ನವೂ ಇದನ್ನು ಮೆಕ್ಯಾನಿಕ್ಕಿಗೆ ತೋರಿಸಿ.

ಪರೀಕ್ಷೆ ಸುಲಭ. ಇಂಜಿನ್ ನಿಲ್ಲಿಸಿ ಈ ಫ್ಯಾನನ್ನು ಮಾತ್ರ ಚಾಲೂ ಮಾಡಿ. ಹಗುರವಾದ ಕಾಗದವೊಂದನ್ನು ರೇಡಿಯೇಟರಿನ ಹಿಂಭಾಗಕ್ಕೆ, ಫ್ಯಾನಿನ ಪಕ್ಕದಲ್ಲಲ್ಲ, ಇಂಜಿನ್ ಬದಿಯಲ್ಲಿ ಹಿಡಿಯಿರಿ. ಕಾಗದ ಇಂಜಿನ್ನಿನ ಕಡೆಗೆ ಹಾರಬೇಕು. ಜಾಲರಿಗೆ ಅಂಟಿಕೊಂಡರೆ ವೈರು ತಿರುವುಮುರುವು ಎಂದು ತಿಳಿಯಿರಿ.

ದಾರಿಯಲ್ಲಿ ನೀರು ಕುದಿದರೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ. "ಇನ್ನೊಂದು ಮೈಲಿ ತಾನೇ" ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಜನ್ನಾಪುರದ ಆ ಕಾರಿಗೆ ನಾವು ಮಾಡಿದ್ದು ಎರಡು ವೈರು ಬದಲಾಯಿಸಿದ್ದಷ್ಟೇ. ಈಗ ಅದು ಕುದಿಯದೆ ಏರು ಹತ್ತುತ್ತಿದೆ.