ಮಗ್ಗಿಗಿಂತ ಮೊದಲು ಸಾಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಹೊಸದಾಗಿ ಬಂದಿರುವ ಮೇಷ್ಟ್ರೇ, ಮೇಡಂನೋರೇ, ಗುಣಾಕಾರ ಶುರು ಮಾಡುವ ಮುನ್ನ ಈ ಹಿರಿಯ ಜೀವದ ಮಾತೊಂದನ್ನು ಕೇಳಿ. ಮೊದಲ ದಿನವೇ ‘ಎರಡೊಂದ್ಲ ಎರಡು’ ಅಂತ ರಾಗ ಎಳೆಸಬೇಡಿ. ರಾಗ ಬೇಗ ಬರುತ್ತೆ, ಲೆಕ್ಕ ಬಂದಿರೋದಿಲ್ಲ. ಮಗುವಿನ ಕಣ್ಣಿಗೆ ಮೊದಲು ಸಾಲು ಕಾಣಲಿ.

ಅದಕ್ಕೆ ಕಾಸು ಖರ್ಚಿಲ್ಲದ ಸಾಮಾನು ಬಿಸಿಯೂಟದ ಕೋಣೆಯಲ್ಲೇ ಬಿದ್ದಿರುತ್ತೆ: ಮೊಟ್ಟೆಯ ರಟ್ಟಿನ ಟ್ರೇ. ಒಂದು ಕಡೆ ಐದು ಗುಣಿ, ಇನ್ನೊಂದು ಕಡೆ ಆರು, ಒಟ್ಟು 30. ಒಡೆದ ಮೊಟ್ಟೆ ಅಂಟಿರದ ಟ್ರೇ ಆರಿಸಿ ಬಿಸಿಲಿಗಿಡಿ. ಗುಣಿಗೊಂದರಂತೆ ಹುಣಸೆ ಬೀಜ ಹಾಕಿಸಿ. ನಮ್ಮ ಸೀಮೆಯಲ್ಲಿ ಅದಕ್ಕೇನು ಬರ? ಮೂರು ಸಾಲು, ಸಾಲಿಗೆ ನಾಲ್ಕು. ಎಷ್ಟಾಯ್ತು? ಈಗ ಟ್ರೇಯನ್ನು ಅಡ್ಡ ತಿರುಗಿಸಿ. ನಾಲ್ಕು ಸಾಲು, ಸಾಲಿಗೆ ಮೂರು. ಬೀಜ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಇಷ್ಟು ಕಂಡುಕೊಂಡ ಮಗುವಿಗೆ ಮಗ್ಗಿಯ ಭಾರ ಹೆಚ್ಚುಕಡಿಮೆ ಅರ್ಧ ಇಳಿದಂತೆ.

ಎಲ್ಲರೂ ತಡವರಿಸುವುದು ಆರೇಳ್ಲ ಎಷ್ಟು ಅಂದಾಗ. ಎರಡು ಟ್ರೇಗಳನ್ನು ಪಕ್ಕಪಕ್ಕ ಇಡಿ, ಆರು ಸಾಲು ಬರುವ ಹಾಗೆ. ಮೊದಲನೆಯದನ್ನು ಪೂರ್ತಿ ತುಂಬಿಸಿದರೆ 30. ಎರಡನೆಯದರಲ್ಲಿ ಸಾಲಿಗೆ ಎರಡೆರಡು ಬೀಜ ಇಟ್ಟರೆ 12. ಎರಡನ್ನೂ ಕೂಡಿದರೆ 42. ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ್ದಕ್ಕೆ ಹೋಗುವ ಈ ದಾರಿ ಎಂಟು, ಒಂಬತ್ತರ ಮಗ್ಗಿಗೂ ಆಗುತ್ತೆ. ಮೊಟ್ಟೆ ಮುಟ್ಟದ ಮನೆಯ ಮಕ್ಕಳಿದ್ದರೆ ಮುಜುಗರ ಮಾಡಬೇಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಷ್ಟೇ ಮನೆ ಬರೆದುಕೊಳ್ಳಿ.

ಸೊನ್ನೆಗೆ ಅಳಗುಳಿಮಣೆ ಒಳ್ಳೆಯದು. ಅಜ್ಜಿಯರನ್ನು ಕೇಳಿದರೆ ಅಟ್ಟದಿಂದ ಇಳಿಸಿಕೊಟ್ಟಾರು. ಏಳು ಗುಣಿ, ಒಂದರಲ್ಲೂ ಕಾಯಿಲ್ಲ. ಏಳು ಸೊನ್ನೆ ಎಷ್ಟು ಅಂತ ಹೇಳಿಕೊಡಬೇಕಾಗಿಯೇ ಇಲ್ಲ.

ಊರಿನ ಲೆಕ್ಕವನ್ನೂ ಬಿಡಬೇಡಿ. ಹೂ ಕಟ್ಟುವ ಮನೆಯ ಹುಡುಗಿಗೆ ಮಾರಿಗೆ ನಾಲ್ಕು ಮೊಳ ಅನ್ನೋದು ನಿಮಗಿಂತ ಚೆನ್ನಾಗಿ ಗೊತ್ತು. ಆರು ಮಾರಿಗೆ ಎಷ್ಟು ಮೊಳ ಅಂತ ಅವಳೇ ತರಗತಿಗೆ ಹೇಳಲಿ. ಕೊರಟಗೆರೆ ಕಡೆ ಅಡಿಕೆ ತೋಟದ ಸಾಲುಗಳಿವೆ. ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಪ್ಯಾನೆಲ್‌ಗಳು ಸಾಲುಗಟ್ಟಿ ನಿಂತಿವೆ. ಬೇಲಿಯಾಚೆಯಿಂದಲೇ ಒಂದು ಸಾಲು ಎಣಿಸಿ, ಸಾಲುಗಳೆಷ್ಟು ಅಂತ ನೋಡಿ ಒಟ್ಟು ಹೇಳುವ ಆಟ ನಾಲ್ಕು, ಐದನೇ ತರಗತಿಯವರಿಗೆ ಹಿಡಿಸುತ್ತೆ. ಆ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುವವರು. ಮೊದಲು ತೆಲುಗಿನಲ್ಲೇ ಎಣಿಸಲಿ ಬಿಡಿ, ಉತ್ತರವೇನೂ ಬದಲಾಗುವುದಿಲ್ಲ.

ಹಾಗಂತ ಮಗ್ಗಿ ಬೇಡವೆಂದು ನಾನು ಹೇಳುತ್ತಿಲ್ಲ. ಮಗ್ಗಿ ಬಾಯಲ್ಲಿಲ್ಲದ ಮಗು ಭಾಗಾಕಾರಕ್ಕೆ ಬಂದಾಗ ಒದ್ದಾಡುತ್ತೆ. ಸಾಲು ಕಂಡಮೇಲೆ ದಿನಾ ಐದು ನಿಮಿಷ ಒಟ್ಟಾಗಿ ಹೇಳಿಸಿ, ಹಿಂದುಮುಂದಾಗಿ ಕೇಳಿ. ಮರೆತ ಮಗುವನ್ನು ಮಾತ್ರ ಎಲ್ಲರೆದುರು ಎದ್ದು ನಿಲ್ಲಿಸಬೇಡಿ. ಬೀಜ ಕೈಗೆ ಕೊಟ್ಟು ಜೋಡಿಸು ಅನ್ನಿ.